ಬಾನೆಟ್ಟಿಗೆ ಕಿವಿರು

ನಮ್ಮೂರಿನಲ್ಲಿ ಗಾಡಿ ಕೆಟ್ಟು ನಿಂತರೆ ಮೆಕ್ಯಾನಿಕ್ ಬಂದವನು ಮೊದಲು ಕೇಳುವುದು "ಊಟ ಆಯ್ತಾ?" ಎಂದು. ಆಗಿಲ್ಲ ಎಂದರೆ ಸ್ಪ್ಯಾನರ್ ಚೀಲ ಕೆಳಗಿಟ್ಟು ಜಗಲಿಯ ಮೇಲೆ ಕೂತುಬಿಡುತ್ತಾನೆ. ಯಾಕೆಂದರೆ ಯಾರ ಮನೆಯ ಮುಂದೆ ಗಾಡಿ ತಾನಾಗಿ ನಿಂತಿತೋ ಅವರ ಮನೆಯಲ್ಲಿ, ಗಾಡಿಯಲ್ಲಿದ್ದವರೆಲ್ಲ ಉಂಡು ಕೈತೊಳೆಯುವ ತನಕ, ಅದು ಹೊರಡುವುದಿಲ್ಲ. ಹತ್ತು ಜನ ತಳ್ಳಿದರೂ ಚಕ್ರ ಉರುಳುವುದಿಲ್ಲ. ಹೊಸ ಬ್ಯಾಟರಿ ತಂದು ಕೂರಿಸಿದರೂ ಇಂಜಿನ್ ಒಂದು ಸಲ ಕೆಮ್ಮುವುದಿಲ್ಲ. ಉಂಡೆದ್ದ ಮೇಲೆ ಎಷ್ಟೋ ಸಲ ರಿಪೇರಿಯೇ ಬೇಕಾಗುವುದಿಲ್ಲ, ವೀಳ್ಯ ಬಾಯಿಗೆ ಹಾಕಿಕೊಂಡು ಕೀಲಿ ತಿರುಗಿಸಿದರೆ ಸಾಕು.

ಅದಕ್ಕೇ ನಮ್ಮಲ್ಲಿ ಯಾರೂ ಮನೆಯ ತಲೆ ಎಣಿಸಿ ಅನ್ನಕ್ಕಿಡುವುದಿಲ್ಲ. ಒಂದು ಪಾವು ಹೆಚ್ಚಿಗೇ ಇಡುತ್ತಾರೆ. ಒಮ್ಮೆ ಮಧ್ಯಾಹ್ನದ ಬಸ್ಸು ಸೂಲಗಿತ್ತಿ ಬೋರಮ್ಮನ ಒಂದಂಕಣದ ಮನೆಯ ಮುಂದೆ ನಿಂತಿತು. ನಲವತ್ಮೂರು ಜನ. ಬೀದಿಯವರೆಲ್ಲ ರವೆ, ಎಣ್ಣೆ, ಕರಿಬೇವು ಹಿಡಿದುಕೊಂಡು ಓಡಿಬಂದರು. ಕಂಡಕ್ಟರ್ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡೇ ಈರುಳ್ಳಿ ಹೆಚ್ಚಿದ. ಆವತ್ತಿನ ಉಪ್ಪಿಟ್ಟಿನ ಮಾತು ಬಂದರೆ ಬೋರಮ್ಮ ಈಗಲೂ ಸೆರಗು ಸರಿಮಾಡಿಕೊಳ್ಳುತ್ತಾಳೆ.

ನಾನು ರುದ್ರಾಣಿ. ಬಸ್‌ಸ್ಟ್ಯಾಂಡಿನ ಹಿಂದಿರುವ ಟಿಂಕರಿಂಗ್ ಶೆಡ್ಡು ನನ್ನದು. ಅಪ್ಪ ಕಾಳಾಚಾರಿ ಮೊದಲು ಕೊಡ, ಕೊಳಗ ತಟ್ಟುತ್ತಿದ್ದವರು. ಊರಿಗೆ ಕಾರುಗಳು ಬಂದ ಮೇಲೆ ಮಡ್‌ಗಾರ್ಡಿನ ಡೊಂಕು ತೆಗೆಯಲು ಶುರುಮಾಡಿದರು. ಅವರ ಸುತ್ತಿಗೆಗಳೆಲ್ಲ ನನ್ನ ಕೈಗೆ ಬಂದು ಹದಿನಾರು ವರ್ಷವಾಯಿತು. ನಾನು ಇಂಜಿನ್ ಮುಟ್ಟುವವಳಲ್ಲ. ತಗಡು ನನ್ನ ಕೆಲಸ. ತಗಡು ಎಲ್ಲಿ ನೊಂದಿದೆ, ಎಲ್ಲಿ ಹಿಗ್ಗಿದೆ ಅನ್ನುವುದನ್ನು ಕಣ್ಣುಮುಚ್ಚಿ ಅಂಗೈಯಲ್ಲಿ ಸವರಿ ಹೇಳಬಲ್ಲೆ.

ಒಂದು ಸೋಮವಾರ ಬೆಳಿಗ್ಗೆ ನಾನಿನ್ನೂ ಶೆಡ್ಡಿನ ಕಸ ಗುಡಿಸುತ್ತಿದ್ದೆ. ಪದ್ಮರಾಜಯ್ಯ ಮೇಷ್ಟ್ರು ತಮ್ಮ ಹಾಲುಬಣ್ಣದ ಹಳೆಯ ಕಾರು ತಂದು ನಿಲ್ಲಿಸಿದರು. ಹೈಸ್ಕೂಲಿನಲ್ಲಿ ನನಗೆ ಡ್ರಾಯಿಂಗ್ ಕಲಿಸಿದವರು. ನಾನು ಬರೆದ ಹಸುವನ್ನು ನೋಡಿ, "ಇದಕ್ಕೆ ಐದನೇ ಕಾಲು ಎಲ್ಲಿಂದ ಬಂತು ತಾಯಿ?" ಎಂದು ಕೇಳಿದ್ದರು, ಅದು ಬಾಲವಾಗಿತ್ತು. ಈಗ ರಿಟೈರಾಗಿ ಎಂಟು ವರ್ಷ. ಕಂಕುಳಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟುಗಳಿದ್ದವು.

"ರುದ್ರಾಣಿ, ಇದರ ಬಾನೆಟ್ಟಿಗೆ ಗಾಳಿಕಿಂಡಿ ಮಾಡ್ಬೇಕು," ಎಂದರು. "ಒಳಗಿನ ಕಾವು ಹೊರಗೆ ಬರೋ ಹಾಗೆ. ಏರುಬೀದಿ ಹತ್ತೋವಾಗ ನೀರು ಕುದೀಬಾರದು."

ನಾನು ಪೊರಕೆ ಹಿಡಿದುಕೊಂಡೇ ನಿಂತೆ. ಏರುಬೀದಿ ಎಂದರೆ ಪೇಟೆಯಿಂದ ದಿಬ್ಬದ ಮೇಲಿನ ಬಡಾವಣೆಗೆ ಹೋಗುವ ಕಡಿದಾದ ರಸ್ತೆ. ಮೂರು ತಿರುವು, ಒಂಬತ್ತು ಮನೆ. ಹಳೆಯ ಗಾಡಿಗಳೆಲ್ಲ ಮೂರನೇ ತಿರುವಿಗೆ ಬರುವಷ್ಟರಲ್ಲಿ ಕುದಿದು, ಬುಸ್ಸೆಂದು ಹಬೆ ಬಿಟ್ಟು ನಿಂತುಬಿಡುತ್ತವೆ. ಮೂರನೇ ತಿರುವಿನ ಮನೆ ಚಂದನಮ್ಮನದು. ಚಂದನಮ್ಮ ಮೇಷ್ಟರ ಸ್ವಂತ ಅಕ್ಕ. ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಆ ಹನ್ನೊಂದು ವರ್ಷವೂ ಮೇಷ್ಟ್ರು ಏರುಬೀದಿಗೆ ಚಕ್ರ ಇಟ್ಟಿರಲಿಲ್ಲ. ದಿಬ್ಬದ ಮೇಲೆ ಕೆಲಸವಿದ್ದರೆ ಕೆರೆಯ ದಾರಿ ಹಿಡಿದು ಏಳು ಮೈಲಿ ಸುತ್ತಿಕೊಂಡು ಹೋಗುತ್ತಿದ್ದರು.

"ಕೆರೆ ದಾರಿಗೇನಾಯ್ತು ಮೇಷ್ಟ್ರೇ?"

"ಸೇತುವೆ ಬಿಚ್ಚಿಹಾಕಿದಾರೆ. ಹೊಸದು ಕಟ್ಟೋಕೆ ಇನ್ನು ಆರು ತಿಂಗಳಂತೆ. ಭಾನುವಾರ ನನ್ನ ಮೊಮ್ಮಗಳಿಗೆ ತೊಟ್ಟಿಲು ಶಾಸ್ತ್ರ. ಸೊಸೆ ತವರಲ್ಲಿದ್ದಾಳೆ, ಅವಳ ತವರು ದಿಬ್ಬದ ಮೇಲೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಎಲ್ಲೂ ನಿಲ್ಲದೆ ಹೋಗ್ಬೇಕು. ಎಲ್ಲಿ ನಿಂತರೂ ಪರವಾಗಿಲ್ಲ, ಮೂರನೇ ತಿರುವಲ್ಲಿ ಮಾತ್ರ ನಿಲ್ಲಕೂಡದು."

ಅವರ ಜಗಳ ಊರಿಗೆಲ್ಲ ಗೊತ್ತಿತ್ತು. ಚಂದನಮ್ಮನ ಯಜಮಾನರು ತೀರಿಕೊಂಡ ವರ್ಷ, ಅವರದೊಂದು ದೊಡ್ಡ ಪಟ ಬರೆದುಕೊಡು ಎಂದು ಆಕೆ ತಮ್ಮನನ್ನು ಕೇಳಿಕೊಂಡರು. ಮೇಷ್ಟ್ರು ನಾಲ್ಕು ತಿಂಗಳು ಕೂತು ಬರೆದರು. ಬಂಧುಬಳಗವನ್ನೆಲ್ಲ ಕರೆದು ಪಟದ ಮೇಲಿನ ಬಟ್ಟೆ ಸರಿಸಿದಾಗ ಚಂದನಮ್ಮ ಒಂದು ಗಳಿಗೆ ನೋಡಿ, "ಇದು ನಮ್ಮ ಯಜಮಾನ್ರ ಮೂಗಲ್ಲ," ಎಂದುಬಿಟ್ಟರು. ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಪಟವನ್ನು ಕಂಕುಳಿಗೇರಿಸಿಕೊಂಡು, ಉಣ್ಣದೆ ಮನೆಗೆ ಹೊರಟುಹೋದರು. ಅಷ್ಟೇ ಜಗಳ. ಬೇರೆ ಊರಿನಲ್ಲಾಗಿದ್ದರೆ ಹದಿನೈದು ದಿನದಲ್ಲಿ ತಣ್ಣಗಾಗುತ್ತಿತ್ತೋ ಏನೋ. ನಮ್ಮೂರಿನಲ್ಲಿ ಮುನಿಸಿಕೊಂಡವರು ತಾವಾಗಿ ಒಬ್ಬರ ಮನೆಗೊಬ್ಬರು ಹೋಗುವ ಪದ್ಧತಿ ಕಡಿಮೆ. ಹೇಗೂ ಒಂದಲ್ಲ ಒಂದು ದಿನ ಗಾಡಿ ಅವರ ಬಾಗಿಲಲ್ಲಿ ಕೆಟ್ಟೇ ಕೆಡುತ್ತದೆ, ಆಗ ಉಂಡರಾಯಿತು ಎಂದು ಎಲ್ಲರೂ ಕಾಯುತ್ತಾರೆ. ಮೇಷ್ಟ್ರೇನೋ ಗಾಡಿಯನ್ನು ಆ ಕಡೆಗೇ ಬಿಡಲಿಲ್ಲ.

ಶೀಟುಗಳನ್ನು ಬಾನೆಟ್ ಮೇಲೆ ಹರಡಿದರು. ಒಂದರಲ್ಲಿ ನವಿಲುಗರಿ, ಒಂದರಲ್ಲಿ ಅರಳಿದ ಕಮಲ. ಗಾಳಿ ಆಡಲು ದಳದಳದ ನಡುವೆಯೂ ಸಂದು. ಅಂದವಾಗೇನೋ ಇತ್ತು.

"ಮೇಷ್ಟ್ರೇ, ಇದು ನೋಡೋಕೆ ಚೆಂದ. ಆದ್ರೆ ಮಳೆ ಬಂದ್ರೆ ನೀರೆಲ್ಲ ಇಂಜಿನ್ ಮೇಲೇ ಸುರಿಯತ್ತೆ. ಅದೂ ಅಲ್ದೆ ಕಮಲ ಎಲ್ಲಿ ಅರಳಿದೆಯೋ ಅಲ್ಲೇ ಕಾವು ಹೊರಗೆ ಬರತ್ತೆ ಅಂತ ಏನು ಗ್ಯಾರಂಟಿ? ಕೆಲವು ಜಾಗದಲ್ಲಿ ತೂತು ಹಾಕಿದ್ರೆ ಗಾಳಿ ಹೊರಗೆ ಬರೋ ಬದಲು ಒಳಕ್ಕೇ ನುಗ್ಗತ್ತೆ."

"ಅದು ಹೇಗೆ ಗೊತ್ತಾಗತ್ತೆ?"

"ಗಾಡೀನೇ ಕೇಳೋಣ."

ನನ್ನ ಹಳೆಯ ಕೆಂಪು ಸ್ವೆಟರಿನ ಉಣ್ಣೆ ಬಿಚ್ಚಿ, ಗೇಣುದ್ದದ ಎಳೆಗಳನ್ನು ಕತ್ತರಿಸಿ, ಬಾನೆಟ್ ತುಂಬ ಸಾಲುಸಾಲಾಗಿ ಟೇಪಿನಿಂದ ಅಂಟಿಸಿದೆವು. ಹಾಲುಬಣ್ಣದ ಕಾರಿಗೆ ಕೆಂಪು ಕೂದಲು ಬಂದ ಹಾಗಾಯಿತು. ಮೇಷ್ಟ್ರು ಪೇಟೆಯ ರಸ್ತೆಯಲ್ಲಿ ಓಡಿಸಿದರು, ನಾನು ಪಕ್ಕದ ಸೀಟಿನಿಂದ ಕತ್ತು ಹೊರಗೆ ಹಾಕಿ ನೋಡಿದೆ. ಸಂತೆಗೆ ಬಂದವರು ಸೊಪ್ಪಿನ ಕಂತೆ ಹಿಡಿದುಕೊಂಡೇ ನಿಂತು ನಕ್ಕರು. ಮುಂದಿನ ಗಾಜಿನ ಬುಡದಲ್ಲಿದ್ದ ಎಳೆಗಳು ಗಾಳಿಯ ಒತ್ತಡಕ್ಕೆ ಬಾನೆಟ್ಟಿಗೆ ಮೆತ್ತಿಕೊಂಡುಬಿಟ್ಟವು. ಅಲ್ಲಿ ತೂತು ಹಾಕಿದ್ದರೆ ಕೆಲಸ ಕೆಡುತ್ತಿತ್ತು. ಮುಂಭಾಗದಲ್ಲಿ, ರೇಡಿಯೇಟರಿನ ಬೆನ್ನಿಗೆ ಸ್ವಲ್ಪ ಹಿಂದೆ, ಎರಡೂ ಮಗ್ಗುಲಲ್ಲಿ ಮಾತ್ರ ಎಳೆಗಳು ಎದ್ದೆದ್ದು ಕುಣಿಯುತ್ತಿದ್ದವು. ಯಾರೋ ಮೇಲಿನಿಂದ ಅವನ್ನು ಎಳೆಯುತ್ತಿರುವ ಹಾಗೆ.

"ಅಲ್ಲಿ!" ಎಂದು ಕೂಗಿದೆ.

ಮೇಷ್ಟ್ರೂ ನೋಡಿದರು. ಅವರಿಗೂ ಖುಷಿ ತಡೆಯಲಿಲ್ಲ. ಕಾರು ನಿಲ್ಲಿಸಿ ಇಳಿದು, ಕುಣಿದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಅಲ್ಲೇ ನಿಂತು ನವಿಲುಗರಿಯ ಶೀಟನ್ನು ತಿರುವಿ, ಅದರ ಬೆನ್ನಿಗೆ ಒಂದೇ ಉಸಿರಿಗೆ ಬರೆದರು. ಆ ಕಡೆ ಐದು, ಈ ಕಡೆ ಐದು, ಹಿಂದಕ್ಕೆ ಬಾಗಿದ ಓರೆ ಸೀಳುಗಳು. ಮುಂದಿನದು ಉದ್ದ, ಹಿಂದಕ್ಕೆ ಹೋಗುತ್ತ ಗಿಡ್ಡ.

"ಮೀನಿನ ಕಿವಿರು," ಎಂದರು. "ಉಸಿರಾಡೋಕೆ ಇದಕ್ಕಿಂತ ಒಳ್ಳೆ ಡ್ರಾಯಿಂಗ್ ಯಾರೂ ಬರೆದಿಲ್ಲ."

ಅವತ್ತಿನಿಂದ ಊರವರೆಲ್ಲ ಅದನ್ನು ಕಿವಿರು ಎಂದೇ ಕರೆದರು.

ಮಂಗಳವಾರ ಬಾನೆಟ್ ಬಿಚ್ಚಿ ಮರದ ದಿಮ್ಮಿಯ ಮೇಲೆ ಮಲಗಿಸಿದೆ. ಉಳಿಯಿಂದ ಸೀಳು ಹಾಕುವುದು ಸುಲಭ. ಸೀಳಿನ ಮುಂದಿನ ಅಂಚಿನಲ್ಲಿ ತಗಡು ಹರಿಯದ ಹಾಗೆ ಮೆಲ್ಲಗೆ ಉಬ್ಬಿಸಿ ಎತ್ತುವುದು ಕಷ್ಟ. ಬಾಯಿ ಹಿಂದಕ್ಕೆ ತೆರೆದಿರಬೇಕು, ಮಳೆನೀರು ಬೆನ್ನ ಮೇಲಿಂದ ಜಾರಿಹೋಗಬೇಕು. ಅದಕ್ಕಾಗಿ ಹಲಸಿನ ಮರದಲ್ಲಿ ಒಂದು ಅಚ್ಚು ಕೆತ್ತಿಕೊಂಡೆ. ಮೊದಲನೆಯದು ಎದ್ದು ಬಂದಾಗ, ಮಗುವಿನ ರೆಪ್ಪೆಯ ಹಾಗೆ ನಯವಾಗಿ ಎದ್ದು ಬಂದಾಗ, ನಾನೊಬ್ಬಳೇ ಶೆಡ್ಡಿನಲ್ಲಿ ಚಪ್ಪಾಳೆ ತಟ್ಟಿಕೊಂಡೆ.

ಬುಧವಾರ ಏಳನೇ ಕಿವಿರು ಎತ್ತುತ್ತಿದ್ದಾಗ ಬಾಗಿಲಲ್ಲಿ ಕೊಡೆ ಮಡಚಿದ ಸದ್ದಾಯಿತು. ಚಂದನಮ್ಮ. ಏರುಬೀದಿಯಿಂದ ಬಿಸಿಲಲ್ಲಿ ನಡೆದುಕೊಂಡು ಬಂದಿದ್ದರು. ಎಪ್ಪತ್ತು ದಾಟಿದ ಸಣಕಲು ಜೀವ. ಇಸ್ತ್ರಿ ಹಾಕಿದ ಬಿಳಿ ಸೀರೆಗೆ ಒಂದು ಸುಕ್ಕಿಲ್ಲ. ಕೈಯಲ್ಲಿದ್ದ ಡಬ್ಬಿಯನ್ನು ನನ್ನ ಸುತ್ತಿಗೆಗಳ ಪಕ್ಕ ಇಟ್ಟರು.

"ಚಿತ್ರಾನ್ನ. ಮಾವಿನಕಾಯಿದು. ಮೊದಲು ತಿನ್ನು, ಆಮೇಲೆ ಮಾತಾಡೋಣ."

ತಿಂದೆ. ಅವರ ಕೈರುಚಿ ಊರಿಗೆಲ್ಲ ಗೊತ್ತಿದ್ದದ್ದೇ. ಜೈನರ ಮನೆ, ಈರುಳ್ಳಿ ಬೆಳ್ಳುಳ್ಳಿ ಒಳಗೆ ಸೇರಿಸುವುದಿಲ್ಲ, ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿಸುವುದಿಲ್ಲ. ಸಂಜೆಗತ್ತಲಲ್ಲಿ ಅವರ ಬಾಗಿಲಲ್ಲಿ ಲಾರಿ ಕೆಟ್ಟ ಒಬ್ಬ ಡ್ರೈವರ್ ಬೆಳಗಿನ ಊಟದ ತನಕ ಜಗಲಿಯಲ್ಲಿ ಮಲಗಿಬಿಟ್ಟಿದ್ದ. ಆಮೇಲೆ ವರ್ಷಕ್ಕೊಂದು ಸಲ ತಾನಾಗಿ ಲಾರಿಯ ರೇಡಿಯೇಟರಿನ ನೀರು ಕಡಿಮೆ ಮಾಡಿಕೊಂಡು ಬರುತ್ತಿದ್ದ ಅನ್ನುತ್ತಾರೆ.

ಚಂದನಮ್ಮ ದಿಮ್ಮಿಯ ಮೇಲಿನ ಬಾನೆಟ್ಟನ್ನು ಸುತ್ತು ಬಂದು ನೋಡಿದರು. ಒಂದು ಕಿವಿರಿನ ಬೆನ್ನು ಸವರಿದರು. "ಇದು ಅವನು ಬರೆದಿದ್ದು ತಾನೆ? ಅವನ ಗೆರೆ ನಂಗೆ ಗೊತ್ತಾಗತ್ತೆ. ಐದು ವರ್ಷದೋನಿದ್ದಾಗ ನಮ್ಮನೆ ಗೋಡೆ ತುಂಬ ಇದ್ದಿಲಲ್ಲಿ ಗೀಚ್ತಿದ್ದ. ಅಮ್ಮ ಬೈದ್ರೆ ನಾನೇ ಗೀಚಿದ್ದು ಅಂತಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ರುದ್ರಾಣಿ, ಇದು ಹೊರಗಿನಿಂದ ಕಾಣೋಕೆ ಹೀಗೇ ಇರ್ಲಿ, ಚೆಂದಾಗಿದೆ. ಒಳಗಿನಿಂದ ಮಾತ್ರ ಒಂದು ತಗಡು ಹೊಡೆದು ಮುಚ್ಚಿಬಿಡು ಮಗಳೇ."

"ಅಮ್ಮ, ಮುಚ್ಚಿದ್ರೆ ಕಾವು ಹೊರಗೆ ಹೋಗೋದೇ ಇಲ್ಲ."

"ಹೋಗೋದು ಬೇಡ. ಕುದೀಲಿ. ಮೂರನೇ ತಿರುವಿಗೆ ಬರೋಷ್ಟರಲ್ಲಿ ಚೆನ್ನಾಗಿ ಕುದೀಲಿ." ಆಕೆ ನಕ್ಕರು, ಆದರೆ ಕಣ್ಣು ನಗಲಿಲ್ಲ. "ಅವನು ತಾನಾಗಿ ನಿಲ್ಲಿಸೋನಲ್ಲ. ಹನ್ನೊಂದು ವರ್ಷ ಕಾದು ನೋಡಿದೀನಿ. ಕೆರೆ ಸೇತುವೆ ಬಿಚ್ಚಿದ್ದು ನನ್ನ ಪುಣ್ಯ. ಭಾನುವಾರ ಹತ್ತು ಜನಕ್ಕೆ ಅಡುಗೆ ಮಾಡ್ತೀನಿ. ಗಸಗಸೆ ಪಾಯಸ ಅಂದ್ರೆ ಅವನಿಗೆ ಪ್ರಾಣ."

ಆಗಲ್ಲ ಅನ್ನಲು ಬಾಯಿ ಬರಲಿಲ್ಲ. ಆಗಲಿ ಅನ್ನಲೂ ಬರಲಿಲ್ಲ. "ನೋಡ್ತೀನಮ್ಮ," ಎಂದೆ. ಆಕೆ ಅದನ್ನು ಒಪ್ಪಿಗೆ ಎಂದೇ ತಿಳಿದು, ನನ್ನ ತಲೆ ಸವರಿ, ಕೊಡೆ ಬಿಚ್ಚಿಕೊಂಡು ಹೋದರು.

ಮರುದಿನ ಬಣ್ಣದ ಮಾದರಿ ತೋರಿಸಲು ಮೇಷ್ಟರ ಮನೆಗೆ ಹೋದೆ. ಮೇಷ್ಟ್ರು ಹೊರಗೆ ಹೋಗಿದ್ದರು. ಅವರ ಹೆಂಡತಿ ಕುಸುಮಮ್ಮ ಕಾಫಿ ಕೊಟ್ಟು, ಏನು ತೋಚಿತೋ, "ಬಾ ಇಲ್ಲಿ, ಒಂದು ತೋರಿಸ್ತೀನಿ," ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಗೋಡೆಗೆ ಒರಗಿಸಿಟ್ಟಿದ್ದ ಪಟದ ಮುಸುಕು ತೆಗೆದರು. ಚಂದನಮ್ಮನ ಯಜಮಾನರು ಕುರ್ಚಿಯಲ್ಲಿ ಕೂತಿದ್ದರು. ಕೋಟು, ಟೋಪಿ, ಕಣ್ಣು ಎಲ್ಲವೂ ಜೀವಂತ. ಮೂಗಿನ ಜಾಗದಲ್ಲಿ ಮಾತ್ರ ಕ್ಯಾನ್ವಾಸು ಸವೆದು, ಹಿಂದಿನ ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು.

"ಬರೀತಾರೆ, ಕೆರೀತಾರೆ," ಎಂದರು ಕುಸುಮಮ್ಮ. "ರಿಟೈರಾದ ಮೇಲೆ ಇದೇ ಕೆಲಸ. ಎಷ್ಟು ಮೂಗು ಬರೆದ್ರೋ ಆ ಜಿನದೇವನೇ ಬಲ್ಲ. ಹೋಗಿ ಅತ್ತಿಗೇನ ಒಂದು ಮಾತು ಕೇಳ್ರೀ, ಹೇಗಿತ್ತು ಮೂಗು ಅಂತ, ಅಂದ್ರೆ ಮುಖ ಸಿಂಡರಿಸ್ತಾರೆ."

ಶೆಡ್ಡಿಗೆ ಬಂದು ಬಾನೆಟ್ಟಿನ ಮುಂದೆ ಕೂತೆ. ಇಬ್ಬರಿಗೂ ಬೇಕು. ನಾಲ್ಕು ಸ್ಕ್ರೂ, ಒಂದು ಮೊಳ ತಗಡು, ಅಷ್ಟರಲ್ಲಿ ಹನ್ನೊಂದು ವರ್ಷದ ಮುನಿಸು ಮುಗಿದುಹೋಗುತ್ತದೆ. ತಗಡನ್ನು ಅಳತೆಗೆ ಕತ್ತರಿಸಿಯೂ ಬಿಟ್ಟೆ. ಬಾನೆಟ್ಟಿನ ಕೆಳಗೆ ಹಿಡಿದು ನೋಡಿದೆ, ಸರಿಯಾಗಿ ಕೂರುತ್ತಿತ್ತು. ಆದರೆ ಮೇಷ್ಟ್ರು ಕಣ್ಣಿದ್ದವರು. ಎಂದೋ ಒಂದು ದಿನ ಎಣ್ಣೆ ನೋಡಲು ಬಾನೆಟ್ ಎತ್ತುತ್ತಾರೆ, ಕಿವಿರಿನಲ್ಲಿ ಬೆಳಕು ಬೀಳದ್ದು ಕಾಣುತ್ತಾರೆ. ಅಕ್ಕನೂ ಶಿಷ್ಯೆಯೂ ಸೇರಿ ತನ್ನನ್ನು ಉಣ್ಣಿಸಿದರು ಎಂದು ತಿಳಿದರೆ ಇನ್ನು ಹನ್ನೊಂದು ವರ್ಷ ಯಾರ ಕೈಗೂ ಸಿಗುವುದಿಲ್ಲ. ಜೊತೆಗೆ, ಒಪ್ಪಿಕೊಂಡುಬಿಡುತ್ತೇನೆ, ಆ ಹತ್ತು ಕಿವಿರುಗಳನ್ನು ನಾನು ಅಷ್ಟು ಚೆನ್ನಾಗಿ ಎತ್ತಿದ್ದೆ. ಅವುಗಳ ಉಸಿರು ಕಟ್ಟಲು ನನಗೆ ಕೈ ಬರಲಿಲ್ಲ. ತಗಡನ್ನು ಮೂಲೆಗೆ ಎಸೆದೆ. ಚಂದನಮ್ಮನಿಗೆ ಹೋಗಿ ಹೇಳಬೇಕಿತ್ತು. ಶುಕ್ರವಾರ ಹೋಗೋಣ ಎಂದುಕೊಂಡೆ, ಬಣ್ಣ ಹೊಡೆಯುವುದಿತ್ತು. ಶನಿವಾರ ಬಣ್ಣ ಒಣಗಬೇಕಿತ್ತು. ಸುಳ್ಳೇಕೆ, ಧೈರ್ಯವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಶೆಡ್ಡಿನ ಮುಂದೆ ಹಾರ್ನ್ ಮಾಡಿದರು. ಕಾರಿನ ತಲೆಯ ಮೇಲೆ ಬಣ್ಣದ ತೊಟ್ಟಿಲು, ಹಿಂದಿನ ಸೀಟಿನಲ್ಲಿ ಕುಸುಮಮ್ಮ, ಅವರ ಸುತ್ತ ಬೆಲ್ಲದಚ್ಚು, ಕೊಬ್ಬರಿ, ಸೀರೆಯ ಗಂಟು. "ನೀನೂ ಹತ್ತು," ಎಂದರು. "ನಿಂತುಹೋದ್ರೆ ನೀನೇ ಜವಾಬ್ದಾರಿ." ನಾನು ಗಂಟುಗಳ ನಡುವೆ ತೂರಿಕೊಂಡೆ.

ಏರುಬೀದಿ ಶುರುವಾಯಿತು. ಕಿವಿರುಗಳಿಂದ ಬಿಸಿಗಾಳಿ ಎದ್ದು, ಎದುರಿನ ರಸ್ತೆ, ಮರ, ಮನೆಗಳೆಲ್ಲ ನೀರಿನಲ್ಲಿ ಕಂಡ ಹಾಗೆ ಅಲುಗಾಡುತ್ತಿದ್ದವು. ಮೊದಲನೇ ತಿರುವಿನ ಮನೆಯಾಕೆ ಸದ್ದು ಕೇಳಿ ಸೌಟು ಹಿಡಿದು ಹೊರಗೆ ಬಂದು, ನಾವು ನಿಲ್ಲದೆ ಹೋದದ್ದನ್ನು ನೋಡಿ ಸೌಟನ್ನೇ ಎತ್ತಿ ಬೀಳ್ಕೊಟ್ಟಳು. ಎರಡನೇ ತಿರುವು. ಕಾವಿನ ಮುಳ್ಳು ಅರ್ಧದಿಂದ ಮೇಲೇಳಲಿಲ್ಲ. ಮೇಷ್ಟ್ರು ಮುಳ್ಳನ್ನೊಮ್ಮೆ, ಕಿವಿರುಗಳನ್ನೊಮ್ಮೆ ನೋಡುತ್ತ ಚಿಕ್ಕ ಹುಡುಗನ ಹಾಗೆ ಬೀಗಿದರು. "ಭೇಷ್ ರುದ್ರಾಣಿ! ಭೇಷ್!" ನನಗೂ ಹಿಗ್ಗು. ಮೂರನೇ ತಿರುವು ಬರುವ ತನಕ.

ಚಂದನಮ್ಮ ಗೇಟಿನ ಹೊರಗೇ ನಿಂತಿದ್ದರು. ಸೊಂಟದ ಮೇಲೆ ತುಂಬಿದ ಕೊಡ, ಕುದಿದ ರೇಡಿಯೇಟರಿಗೆ ಹಾಕಲು. ತೆರೆದ ಬಾಗಿಲಿನ ಒಳಗೆ ಸಾಲಾಗಿ ಹಾಸಿದ ಬಾಳೆಎಲೆಗಳು ಕಂಡವು. ಮುಖದ ತುಂಬ ನಗು ತುಂಬಿಕೊಂಡು, ಒಂದು ಹೆಜ್ಜೆ ಮುಂದೆಯೂ ಬಂದರು. ಕಾರು ನಿಲ್ಲಲಿಲ್ಲ. ಮೇಷ್ಟ್ರು ಕತ್ತು ನೆಟ್ಟಗೆ ಮಾಡಿ ರಸ್ತೆಯನ್ನೇ ನೋಡುತ್ತಿದ್ದರು. ನಾನು ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ. ಆಕೆ ಒಂದು ಕ್ಷಣ ಹಾಗೇ ನಿಂತರು. ಆಮೇಲೆ, ತಾನು ಬಂದದ್ದೇ ಅದಕ್ಕೆ ಎಂಬ ಹಾಗೆ, ಕೊಡ ಬಗ್ಗಿಸಿ ಬೇಲಿಯ ದಾಸವಾಳದ ಬುಡಕ್ಕೆ ನೀರು ಸುರಿಯತೊಡಗಿದರು.

"ಮೇಷ್ಟ್ರೇ," ಎಂದೆ. "ಚಂದನಮ್ಮ ಬುಧವಾರ ನನ್ನ ಹತ್ರ ಬಂದಿದ್ರು. ಕಿವಿರು ಬರೀ ತೋರಿಕೆಗಿರ್ಲಿ, ಒಳಗೆ ತಗಡು ಹೊಡೆದು ಮುಚ್ಚು ಅಂದ್ರು. ಗಾಡಿ ಅವರ ಬಾಗಿಲಲ್ಲೇ ನಿಲ್ಲಬೇಕು ಅಂತ. ನಾನು ಮುಚ್ಚಲಿಲ್ಲ. ಮುಚ್ಚಲ್ಲ ಅಂತ ಅವರಿಗೆ ಹೇಳಲೂ ಇಲ್ಲ. ತಪ್ಪು ನಂದೇ."

ಕಾರು ಏರುತ್ತಲೇ ಇತ್ತು. ಕುಸುಮಮ್ಮ ಕೇಳಿದರು, "ಎಷ್ಟು ಜನಕ್ಕೆ ಅಡುಗೆ ಮಾಡಿದಾರಂತೆ?"

"ಹತ್ತು ಜನಕ್ಕೆ. ಗಸಗಸೆ ಪಾಯಸ."

"ನಿಲ್ಲಿಸ್ರೀ," ಎಂದರು ಕುಸುಮಮ್ಮ.

"ಹೇಗೆ ನಿಲ್ಲಿಸ್ಲೇ? ಗಾಡಿ ಕೆಟ್ಟಿಲ್ಲವಲ್ಲ!" ಮೇಷ್ಟರ ದನಿ ಒಡೆಯಿತು. "ಕೆಟ್ಟಿದ್ರೆ ಸುಮ್ನೆ ಇಳಿದು ಒಳಗೆ ಹೋಗಿ ಕೂತುಬಿಡಬಹುದಿತ್ತು, ಒಂದು ಮಾತೂ ಆಡಬೇಕಾಗಿರಲಿಲ್ಲ. ಈಗ ಹೋಗಿ ನಿಂತು ಏನಂತ ಹೇಳ್ಲಿ ನಾನು?"

ನಮ್ಮೂರಿನ ಯಾರಿಗೂ ಅದರ ಉತ್ತರ ಗೊತ್ತಿರಲಿಲ್ಲವೇನೋ. ಮೇಷ್ಟ್ರು ಇನ್ನೂ ಒಂದಿಪ್ಪತ್ತು ಗಜ ಹೋದರು. ಆಮೇಲೆ ಬ್ರೇಕ್ ಒತ್ತಿ, ಕನ್ನಡಕ ಸರಿಮಾಡಿಕೊಂಡು, ಕತ್ತು ಹಿಂದಕ್ಕೆ ತಿರುಗಿಸಿ ರಿವರ್ಸ್ ಗೇರ್ ಹಾಕಿದರು.

ಏರುಬೀದಿಯಲ್ಲಿ ಹಿಂದುಹಿಂದಕ್ಕೆ ಇಳಿದು ಬರುವ ಕಾರನ್ನು ಯಾರೂ ನೋಡಿರಲಿಲ್ಲ. ಬಾಗಿಲುಗಳು ತೆರೆದವು. ಕಾರಿನ ತಲೆಯ ಮೇಲಿನ ತೊಟ್ಟಿಲನ್ನು ಓಲಾಡಿಸಿಕೊಂಡು ನಾವು ಹಿಂದಕ್ಕೆ ಇಳಿದುಬಂದೆವು. ಎದುರುಮನೆಯ ದರ್ಜಿ ಇಮಾಂಸಾಬರು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದರು. "ಏನಾಯ್ತು ಮೇಷ್ಟ್ರೇ? ಕಿವಿರು ಕೈಕೊಡ್ತಾ?" ಮೇಷ್ಟ್ರು ಕಾರನ್ನು ಸರಿಯಾಗಿ ಗೇಟಿನ ಎದುರಿಗೆ ತಂದು, ಇಂಜಿನ್ ಓಡುತ್ತಿರುವಂತೆಯೇ ಇಳಿದರು.

ಚಂದನಮ್ಮನ ಕೈಯಲ್ಲಿ ಖಾಲಿ ಕೊಡ. ದಾಸವಾಳದ ಬುಡದಲ್ಲಿ ಕೆಸರು. ಆಕೆ ತಮ್ಮನನ್ನು ನೋಡಲಿಲ್ಲ, ಬಾನೆಟ್ಟನ್ನು ನೋಡಿದರು. "ಏನಾಗಿದೆ ಗಾಡಿಗೆ?"

"ಗಾಡಿಗೇನೂ ಆಗಿಲ್ಲಕ್ಕ."

"ಮತ್ತೆ?"

ಮೇಷ್ಟ್ರು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದರು. "ಹಸಿವಾಗಿದೆ," ಎಂದರು.

ಚಂದನಮ್ಮ ಅತ್ತುಬಿಡುತ್ತಾರೆ ಎಂದುಕೊಂಡೆ. ಆದರೆ ಆಕೆ ಅಕ್ಕ. "ಮೊದ್ಲು ಇಂಜಿನ್ ನಿಲ್ಲಿಸು," ಎಂದು ಗದರಿದರು. "ಪೆಟ್ರೋಲು ಸುಮ್ನೆ ಸುಡ್ತಿದೆ. ಬುದ್ಧಿ ಬರೋದು ಯಾವಾಗ ನಿಂಗೆ? ಕಾಲು ತೊಳ್ಕೊಂಡು ಒಳಗೆ ಬಾ."

ಹತ್ತು ಎಲೆಗಳಿದ್ದವು, ನಾವು ಮೂವರು. ಇಮಾಂಸಾಬರನ್ನೂ ಅವರ ಹೆಂಡತಿಯನ್ನೂ ಕರೆದರು, ಅಕ್ಕಪಕ್ಕದವರನ್ನೂ ಕರೆದರು. ಎಲೆಗಳು ಸಾಲದೆ ಇನ್ನೆರಡು ಕತ್ತರಿಸಿ ತಂದರು. ಹೀರೇಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿ, ತಿಳಿಸಾರು. ಮೇಷ್ಟ್ರು ತಲೆ ತಗ್ಗಿಸಿಕೊಂಡು ಉಂಡರು. ಪಾಯಸ ಎರಡನೇ ಸಲ ಬಡಿಸಲು ಬಂದಾಗ ಎಲೆಯನ್ನು ನೋಡುತ್ತಲೇ ಕೇಳಿದರು, "ಅಕ್ಕ, ಭಾವನ ಮೂಗು ಹೇಗಿತ್ತು? ಎಷ್ಟು ಜ್ಞಾಪಿಸ್ಕೊಂಡ್ರೂ ಕಣ್ಣ ಮುಂದೆ ಬರೋದು ನೀನು ಕೊಟ್ಟ ಫೋಟೋದ ಮೂಗೇ."

ಚಂದನಮ್ಮ ಸೌಟು ಹಿಡಿದು ನಿಂತರು. "ಸ್ವಲ್ಪ ಎಡಕ್ಕೆ ಡೊಂಕು. ಮದುವೆಗೆ ಮುಂಚೆ ಬಾವೀಕಟ್ಟೆ ಮೇಲೆ ಜಾರಿಬಿದ್ದು ಮುರಿದಿತ್ತಂತೆ. ನಾನು ಕಂಡಿದ್ದೇ ಡೊಂಕು ಮೂಗು."

"ಆ ಫೋಟೋ ಯಾವಾಗಿಂದು?"

"ಅವರು ಕಾಲೇಜಲ್ಲಿದ್ದಾಗಿಂದು. ಅದೊಂದೇ ಅಲ್ವೇನೋ ಇದ್ದಿದ್ದು."

ಮೇಷ್ಟ್ರು ತಲೆಯೆತ್ತಿದರು. "ಅಂದ್ರೆ ನಾನು ಬರೆದಿದ್ದು ಮುರಿಯೋಕೆ ಮುಂಚಿನ ಮೂಗು."

ಮೊದಲು ನಕ್ಕವರು ಕುಸುಮಮ್ಮ. ಆಮೇಲೆ ಚಂದನಮ್ಮ ಪಾಯಸದ ಪಾತ್ರೆಯನ್ನು ನೆಲಕ್ಕಿಟ್ಟು, ಗೋಡೆಗೊರಗಿ ಕೂತು, ಸೆರಗು ಬಾಯಿಗೆ ಹಿಡಿದು ನಕ್ಕರು. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. ಮೇಷ್ಟ್ರು ಅನ್ನದ ಕೈಯಲ್ಲೇ ಹಣೆ ಬಡಿದುಕೊಂಡು ನಕ್ಕರು. ಇಮಾಂಸಾಬರಿಗೆ ವಿಷಯ ಪೂರ್ತಿ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕರು.

ಹೊರಡುವಾಗ ಕುಸುಮಮ್ಮ ಚಂದನಮ್ಮನ ಕೈ ಹಿಡಿದು ಎಳೆದರು. "ನೀವೂ ಹೊರಡಿ ಅತ್ತಿಗೆ."

"ನನ್ನ ಯಾರು ಕರೆದಿದ್ದಾರೆ ಅಲ್ಲಿಗೆ?"

"ನಮ್ಮ ಹುಡುಗನಿಗೆ ಅಕ್ಕತಂಗಿಯರಿಲ್ಲ. ಮಗುವಿನ ಕಿವೀಲಿ ಹೆಸರು ಹೇಳೋಕೆ ಸೋದರತ್ತೆ ಎಲ್ಲಿಂದ ತರೋಣ? ಅವನ ಸೋದರತ್ತೆ ನೀವು. ನೀವೇ ಹೇಳಬೇಕು."

ಚಂದನಮ್ಮ ತಮ್ಮನ ಮುಖ ನೋಡಿದರು. ಮೇಷ್ಟ್ರು ಮುಂದಿನ ಬಾಗಿಲು ತೆರೆದು ಹಿಡಿದರು. ಮಿಕ್ಕಿದ ಪಾಯಸದ ಪಾತ್ರೆ ನನ್ನ ತೊಡೆಯ ಮೇಲೆ ಬಂತು. ಕಾರು ಹೊರಟೀತೇ ಎಂದು ಬೀದಿಯವರಿಗೆ ಕುತೂಹಲ. ಚೆನ್ನಾಗಿದ್ದ ಗಾಡಿಯನ್ನು ಯಾರೂ ಹೀಗೆ ಬೇಕೆಂದೇ ಯಾರ ಬಾಗಿಲಲ್ಲೂ ನಿಲ್ಲಿಸಿದ್ದನ್ನು ಅವರು ಕಂಡಿರಲಿಲ್ಲ. ಮೊದಲ ಸಲಕ್ಕೇ ಹೊರಟಿತು. ಇಮಾಂಸಾಬರು ಶಿಳ್ಳೆ ಹೊಡೆದರು.

ದಿಬ್ಬದ ಮೇಲೆ ಬೀಗರು ಬಿಸಿಲಲ್ಲಿ ದಾರಿ ಕಾಯುತ್ತಿದ್ದರು. ಮುಹೂರ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು. ತೊಟ್ಟಿಲು ಇಳಿಸಿ ಹೂ ಕಟ್ಟಿದರು. ಚಂದನಮ್ಮ ಮಗುವಿನ ಕಿವಿಗೆ ಬಾಯಿಟ್ಟು ಮೂರು ಸಲ ಹೇಳಿದರು. ಮಂದಾಕಿನಿ. ಮೂರನೇ ಸಲ ಅಂಗಳದವರಿಗೂ ಕೇಳಿಸಿತು. ಮಗು ಬೆಚ್ಚಲಿಲ್ಲ, ಅಗಲವಾಗಿ ಆಕಳಿಸಿತು. ಬಂದವರೆಲ್ಲ ಒಬ್ಬೊಬ್ಬರಾಗಿ ಎತ್ತಿಕೊಂಡರು. ನಾನು ಮೂಲೆಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದೆ. ಉಳಿ ಸುತ್ತಿಗೆಗಳಿಂದ ಮರದ ಚಕ್ಕೆಯ ಹಾಗಾದ ನನ್ನ ಅಂಗೈ ಹಸುಗೂಸಿಗೆ ತಾಗಿಸಲು ಅಂಜಿಕೆ.

"ಯಾಕೆ, ನೀನು ಎತ್ತಿಕೊಳ್ಳಲ್ವಾ?" ಚಂದನಮ್ಮ ಕೇಳಿದರು.

"ನನ್ನ ಕೈ ಒರಟು ಅಮ್ಮ."

"ಕೂತ್ಕೋ," ಎಂದು ಕೂರಿಸಿ, ಮಗುವನ್ನು ನನ್ನ ಮಡಿಲಿಗೆ ಹಾಕಿಯೇಬಿಟ್ಟರು.

ಕಿಟಕಿಯಿಂದ ಕೆಳಗೆ ಅಂಗಳ ಕಾಣುತ್ತಿತ್ತು. ಬೀಗರ ಕಡೆಯವರು, ನೆರೆಯವರು ಹತ್ತಿಪ್ಪತ್ತು ಜನ ಕಾರಿನ ಸುತ್ತ ಸೇರಿಕೊಂಡಿ‍ದ್ದರು. ಸೀರೆಯುಟ್ಟ ಹೆಂಗಸರೂ ಪಂಚೆಯ ಗಂಡಸರೂ ಸರದಿಯಂತೆ ಕಿವಿರುಗಳ ಮೇಲೆ ಅಂಗೈ ಹಿಡಿದು, ಬೆಚ್ಚನೆಯ ಗಾಳಿ ತಾಗಿದೊಡನೆ ಹಾ ಎನ್ನುತ್ತಿದ್ದರು. ಮೇಷ್ಟ್ರು ನಡುವೆ ನಿಂತು ಕೆಂಪು ಉಣ್ಣೆಯ ಕಥೆ ಹೇಳುತ್ತಿದ್ದರು, ಎಳೆಗಳು ಕುಣಿದದ್ದನ್ನು ಹತ್ತೂ ಬೆರಳಲ್ಲಿ ಕುಣಿಸಿ ತೋರಿಸುತ್ತಿದ್ದರು. ಯಾರೋ, "ಇದನ್ನ ಮಾಡಿದ್ದು ಯಾರು, ಕರೀರಿ ಅವರನ್ನ," ಎಂದದ್ದು ಕೇಳಿಸಿತು. "ರುದ್ರಾಣೀ, ಬಾಮ್ಮ ಇಲ್ಲಿ!" ಎಂದು ಮೇಷ್ಟ್ರು ಕೂಗಿದರು. ಹೋಗಬೇಕೆಂದು ನನಗೂ ಆಸೆಯಾಯಿತು. ತಗಡನ್ನು ಹರಿಯದ ಹಾಗೆ ಎತ್ತಿದ್ದು ಹೇಗೆಂದು ನಾನಲ್ಲದೆ ಇನ್ನಾರು ಹೇಳಬೇಕು? ಆದರೆ ಮಂದಾಕಿನಿ ನನ್ನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಹೋಗಿದ್ದಳು. ಬಿಡಿಸಿಕೊಳ್ಳಲು ನಾನು ಪ್ರಯತ್ನಿಸಲೇ ಇಲ್ಲ.